ಹನ್ನೊಂದನೇ ಪುಟದ ಕಪ್ಪೆ

ಹೊರಡುವ ಮುಂಚೆ

ಕಾಶಿಗೆ ಹೋದವರು ಗಂಗೆಯ ತಂಬಿಗೆ ತರುತ್ತಾರೆ. ಬೊಂಬಾಯಿಗೆ ಹೋದವರು ನೈಲಾನ್ ಸೀರೆ ತರುತ್ತಾರೆ. ನಾನು ಗುಜರಾತಿಗೆ ಹೋದದ್ದು ಒಂದು ರುಜು ತರುವುದಕ್ಕೆ. ಕಂಕುಳಲ್ಲಿ ಒಂದು ರೆಕಾರ್ಡು ಪುಸ್ತಕ, ಅದರ ಹನ್ನೊಂದನೇ ಪುಟದಲ್ಲಿ ಒಂದು ಕಪ್ಪೆಯ ಹೃದಯ. ಗುಜರಾತು ಪರದೇಶವೇ ಎಂದು ಕೇಳುವವರಿಗೆ ನಮ್ಮಮ್ಮನ ಉತ್ತರವನ್ನೇ ಕೊಡುತ್ತೇನೆ: ಬೇಳೆಗೆ ಸಕ್ಕರೆ ಹಾಕುವ ಊರೆಲ್ಲ ಪರದೇಶವೇ.

ಅರವತ್ತರ ದಶಕದ ನಡುಭಾಗದಲ್ಲಿ ನಾನು ಬಿ.ಫಾರ್ಮ ಓದುತ್ತಿದ್ದೆ. ಅದು ಏನು ಓದು ಎಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮೊಹರು ಹೊಡೆಯುತ್ತಿದ್ದ ಅಪ್ಪ, ವಿವರಿಸುವ ಗೋಜೇ ಬೇಡವೆಂದು, ಮಗ ಡಾಕ್ಟರಿಕೆ ಓದುತ್ತಿದ್ದಾನೆ ಎಂದುಬಿಟ್ಟಿದ್ದರು. ರಜಕ್ಕೆ ಮೈಸೂರಿಗೆ ಹೋದರೆ ನೆಗಡಿ, ಉಳುಕು, ಹಲ್ಲುನೋವು ಎಲ್ಲವೂ ನಮ್ಮ ಜಗಲಿಗೆ ಬರುತ್ತಿದ್ದವು. ನನಗೆ ಗೊತ್ತಿದ್ದದ್ದು ಕಪ್ಪೆಯ ವಿಚಾರ ಮಾತ್ರ.

ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಕಲಿಸುವ ಶಾಸ್ತ್ರ ಫಾರ್ಮಕಾಲಜಿ. ಅದನ್ನು ಕಲಿಯುವ ಕ್ರಮ ಹೀಗೆ. ಹೊಳಪಿನ ಕಾಗದವನ್ನು ಒಂದು ಡ್ರಮ್ಮಿಗೆ ಸುತ್ತಿ, ಸೀಮೆಎಣ್ಣೆ ದೀಪದ ಹೊಗೆಗೆ ಹಿಡಿದು ಮಸಿ ಕೂರಿಸಬೇಕು. ಕಪ್ಪೆಯ ಹೃದಯಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಸಣ್ಣ ಕಡ್ಡಿಗೆ ಬಿಗಿಯಬೇಕು. ಹೃದಯ ಬಡಿದಂತೆಲ್ಲ ಕಡ್ಡಿ ಕುಣಿದು, ತಿರುಗುವ ಡ್ರಮ್ಮಿನ ಮಸಿಯನ್ನು ಕೆರೆದು ಬಿಳಿ ಗೆರೆ ಬರೆಯುತ್ತದೆ. ಆಮೇಲೆ ಕಾಗದವನ್ನು ವಾರ್ನಿಷ್ಷಿನಲ್ಲಿ ಅದ್ದಿ ಒಣಗಿಸಿದರೆ ಮಸಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಉಳಿದ ಮಸಿ ಹುಡುಗರ ಮೂಗಿಗೆ ಅಂಟಿಕೊಂಡಿರುತ್ತದೆ.

ನಮ್ಮದು ಹೊಸ ಕಾಲೇಜು. ಹುಡುಗರು ಹನ್ನೆರಡು, ಡ್ರಮ್ಮು ಒಂದು, ಆ ದಿನ ಸಿಕ್ಕಿದ ಕಪ್ಪೆಯೂ ಒಂದೇ. ಪೊಟ್ಯಾಸಿಯಂ ಕ್ಲೋರೈಡ್ ಬಿಟ್ಟರೆ ಕಪ್ಪೆಯ ಹೃದಯ ನಿಲ್ಲುತ್ತದೆ. ತೊಳೆದರೆ ಮತ್ತೆ ಬಡಿಯುತ್ತದೆ. ನಮ್ಮ ಮೂರ್ತಿ ಮೇಷ್ಟ್ರು ಅದೊಂದೇ ಹೃದಯವನ್ನು ಹನ್ನೆರಡು ಸಲ ನಿಲ್ಲಿಸಿ, ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಮದುವೆ ಮನೆಯಲ್ಲಿ ತಾಂಬೂಲ ಕೊಡುವಂತೆ ಹಂಚಿದರು. ಹಾಜರಿಯಲ್ಲಿ ಕೊನೆಯ ಹೆಸರು ವೆಂಕಟೇಶ, ಅಂದರೆ ನಾನು. ಕೊನೆಯ ಪಟ್ಟಿ ನನ್ನ ಪಾಲಿಗೆ ಬಂತು. ಹನ್ನೆರಡು ಜನವೂ ಅದನ್ನು ರೆಕಾರ್ಡಿಗೆ ಅಂಟಿಸಿ, 'ಒಂದು ಕಪ್ಪೆಯನ್ನು ತೆಗೆದುಕೊಳ್ಳಲಾಯಿತು' ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆವು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೇಷ್ಟ್ರು ಹನ್ನೊಂದು ರೆಕಾರ್ಡುಗಳಿಗೆ ರುಜು ಹಾಕಿ ನನ್ನದನ್ನು ಮೇಜಿನ ಈಚೆಗೆ ತಳ್ಳಿದರು. "ಹನ್ನೊಂದನೇ ಪುಟ ಸರಿಯಾಗಿ ನೋಡ್ಕೊಂಡ್ ಬಾರಯ್ಯ" ಎಂದರು. ನೋಡಿದೆ. ಪೊಟ್ಯಾಸಿಯಂ ಎಂದು ಬರೆಯುವಾಗ ಒಂದು ಅಕ್ಷರ ನುಂಗಿದ್ದೆ. ಅದನ್ನು ಸೇರಿಸಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ಸೋಮವಾರ ಹೋದರೆ ಮೇಷ್ಟ್ರೇ ಇಲ್ಲ. ಅಹಮದಾಬಾದಿನ ಯಾವುದೋ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಹೊರಟುಹೋಗಿದ್ದರು. ಇದು ಸೆಪ್ಟೆಂಬರಿನ ಮಾತು. ನಾನು ರೆಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿ, ಆಗಾಗ ಆ ಪುಟವನ್ನು ತೆರೆದು ನೋಡುತ್ತ, ಬೇರೆ ಯಾರ ಕಣ್ಣಿಗೂ ಬೀಳದಿರಲಿ ಎಂದು ಚಾಮುಂಡಿಗೆ ಹರಕೆ ಹೊತ್ತುಕೊಂಡೆ.

ಜನವರಿಯಲ್ಲಿ ಪ್ರಿನ್ಸಿಪಾಲರ ಕಣ್ಣಿಗೇ ಬಿತ್ತು. ಪಾಠ ಮಾಡಿದವರ ರುಜು ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಪರೀಕ್ಷೆ ಫೆಬ್ರವರಿಯಲ್ಲಿ. ಮಾರ್ಚಿಗೆ ಅಪ್ಪನ ನಿವೃತ್ತಿ. ಇನ್ನೊಂದು ವರ್ಷ ಓದಿಸುವ ಮಾತೇ ಇರಲಿಲ್ಲ. ಈ ಸಲ ತಪ್ಪಿದರೆ ನನ್ನ ಓದು ಅಲ್ಲಿಗೆ ಮುಗಿದಂತೆ. ಮೈಸೂರಿಗೆ ಹೋಗಿ, ಅಂಚೆಯಲ್ಲಿ ಕಳಿಸೋಣವೇ ಎಂದು ಅಪ್ಪನನ್ನು ಕೇಳಿದೆ.

"ಮಸಿ ಕಾಗದಾನ ಅಂಚೇಲಾ? ಮೊಹರು ಹೊಡೆಯೋ ಕೈ ಎಂಥದು ಅಂತ ನಂಗೊತ್ತು, ನಂದೇ ಅದು. ನೀನೇ ಹೋಗು" ಎಂದು ಅಪ್ಪ ರೈಲು ಹತ್ತಿಸಿದರು.

ಗಡಿ

ಬೊಂಬಾಯಿಯಲ್ಲಿ ಗಾಡಿ ಬದಲಿಸಿದೆ. ರೆಕಾರ್ಡಿನ ಮಸಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಸವರಿಕೊಳ್ಳಲು ಒಂದು ಸಣ್ಣ ಶೀಶೆಯಲ್ಲಿ ವಾರ್ನಿಷ್ ತಂದಿದ್ದೆ. ವಾರ್ನಿಷ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಗುಜರಾತಿನಲ್ಲಿ ಪಾನನಿರೋಧವಿದೆ ಎಂದು ನನಗೆ ಗೊತ್ತಿತ್ತು. ಅದು ನನ್ನ ಶೀಶೆಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಗಡಿ ದಾಟಿದ ಮೇಲೆ ಒಬ್ಬ ಪೊಲೀಸಿನವನು ಬೋಗಿಯೊಳಗೆ ಬಂದು ಟ್ರಂಕು ತೆರೆಸಿದ. ಮೂಗು ಅರಳಿಸಿದ. ಶೀಶೆಯ ಬಿರಡೆ ತೆಗೆದು ಮೂಸಿ, ಒಂದು ಕ್ಷಣ ಕಣ್ಣು ಮುಚ್ಚಿಕೊಂಡ. ಬಹಳ ದಿನದ ಮೇಲೆ ಹಳೇ ಸ್ನೇಹಿತನನ್ನು ಕಂಡವರ ಮುಖ ಹಾಗಾಗುತ್ತದೆ.

"ಏನಿದು?"

"ಓದುವುದಕ್ಕೆ ಬೇಕಾದದ್ದು" ಎಂದೆ, ಪ್ರಥಮಾ ಪರೀಕ್ಷೆಯಲ್ಲಿ ಪಾಸಾಗಿದ್ದ ನನ್ನ ಹಿಂದಿಯಲ್ಲಿ.

"ಕುಡಿದು ಓದುತ್ತೀರೋ, ಓದಿ ಕುಡಿಯುತ್ತೀರೋ?"

ಕಪ್ಪೆಯ ಕಥೆಯನ್ನು ಹಿಂದಿಯಲ್ಲಿ ಹೇಳಹೊರಟೆ. ಪ್ರಥಮಾದಲ್ಲಿ ಕಪ್ಪೆಯ ಪಾಠವಿರಲಿಲ್ಲ. ಆಗ ಪಕ್ಕದಲ್ಲಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಶೀಶೆಯನ್ನು ಕೇಳಿ ಪಡೆದು, ಎರಡು ಹನಿಯನ್ನು ಬೆಂಚಿನ ಅಂಚಿಗೆ ಸವರಿ ಬಾಯಿಂದ ಊದಿದರು. ಅದು ಗಟ್ಟಿಯಾಗಿ ಹೊಳೆಯಿತು.

"ಭಾಯಿ, ಇದು ಮೇಜಿಗೆ ಹಾಕುವ ಪಾಲಿಶ್. ಕುಡಿದರೆ ಹೊಟ್ಟೆ ಫಳಫಳ ಹೊಳೆಯುತ್ತೆ, ಅಷ್ಟೆ" ಎಂದರು.

ಪೊಲೀಸಿನವನು ಬೇಸರದಿಂದಲೇ ಶೀಶೆಯನ್ನು ಕಿಟಕಿಯಾಚೆ ಬಗ್ಗಿಸಿದ. ಹೊರಡುವಾಗ ನನಗೂ 'ಭಾಯಿ' ಎಂದು ಹೇಳಿ ಹೋದ. ಆ ನಾಡಿನಲ್ಲಿ ಹಿಡಿಯುವವನೂ ಭಾಯಿ, ಸಿಕ್ಕಿಬೀಳುವವನೂ ಭಾಯಿ. ನಮ್ಮ ಕಡೆ ಟಿಕೆಟ್ಟು ಕೊಂಡವನನ್ನೂ ಕಂಡಕ್ಟರು 'ಏಯ್' ಎಂದೇ ಕರೆಯುವುದು.

ಸೂರತ್ತಿನಲ್ಲಿ ಗಾಡಿ ನಿಂತಾಗ ಎಳೆಯ ಜೋಳದ ಹಸಿರು ಕಾಳು ಮಾರುತ್ತಿದ್ದರು. ಧಾರವಾಡದ ಕಡೆಯವರು ಸೀತನಿ ಎನ್ನುತ್ತಾರಲ್ಲ, ಅದೇ. ಮೇಲೆ ಖಾರದ ಸೇವು, ಅದರ ಮೇಲೆ ಸಕ್ಕರೆ ಮಿಠಾಯಿ. ಕಿಟಕಿಯಲ್ಲಿ ಕೂತು ನೆಮ್ಮದಿಯಾಗಿ ತಿಂದು ಮುಂದೆ ಹೋದೆ. ಮೂರ್ತಿ ಮೇಷ್ಟ್ರು ಆ ಹೊತ್ತಿಗೆ ಅದೇ ಊರಿನಲ್ಲಿದ್ದರು ಎಂದು ನನಗೆ ಗೊತ್ತಾದದ್ದು ಮೂರು ದಿನದ ಮೇಲೆ.

ಅಹಮದಾಬಾದ್

ಧರ್ಮಶಾಲೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಬೀದಿಗೆ ಬಂದರೆ ಅಹಮದಾಬಾದಿನಲ್ಲಿ ಜನರೇ ಇಲ್ಲ. ಅಂಗಡಿ ಮುಚ್ಚಿವೆ, ಬಸ್ಸು ಖಾಲಿ. ಆದರೆ ತಲೆಯ ಮೇಲಿನಿಂದ ಭಾರಿ ಗದ್ದಲ. ಕತ್ತೆತ್ತಿ ನೋಡಿದೆ. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿತ್ತು. ಅವತ್ತು ಸಂಕ್ರಾಂತಿ. ನಮ್ಮಲ್ಲಿ ಸಂಕ್ರಾಂತಿ ಎಂದರೆ ಎಳ್ಳುಬೆಲ್ಲ ಕೊಟ್ಟು ಒಳ್ಳೇ ಮಾತಾಡುವ ಹಬ್ಬ, ಇಲ್ಲಿ ಪಕ್ಕದ ಮನೆಯವನ ದಾರ ಕೊಯ್ದು "ಕಾಪ್ಯೋ ಛೆ!" ಎಂದು ಅರಚುವ ಹಬ್ಬ. ಕೊಯ್ದೆ ಎಂದು ಅರ್ಥವಂತೆ. ದಾರಕ್ಕೆ ಗಾಜಿನ ಪುಡಿ ಬಳಿದಿರುತ್ತಾರೆ. ಅದಕ್ಕೆ ಸಿಕ್ಕಿ ಪಾರಿವಾಳದ ರೆಕ್ಕೆಯೂ ಕೊಯ್ದುಹೋಗುತ್ತದೆ. ಕೊಯ್ದವರೇ ಪಟ ಬಿಟ್ಟು ಇಳಿದು ಬಂದು, ಹಕ್ಕಿಯನ್ನು ರುಮಾಲಿನಲ್ಲಿ ಸುತ್ತಿಕೊಂಡು ಹಕ್ಕಿ ಆಸ್ಪತ್ರೆಗೆ ಓಡುವುದನ್ನೂ ಕಂಡೆ.

ದಾರಿ ಕೇಳಲು ನೆಲದ ಮೇಲೆ ಯಾರೂ ಇಲ್ಲ. ಮಾಳಿಗೆಗಳ ಕಡೆಗೆ ಕೂಗಿ ಕೂಗಿ ಕೇಳಿದೆ. ಒಂದು ಮಾಳಿಗೆ ಎಡಕ್ಕೆ ಎಂದಿತು, ಇನ್ನೊಂದು ಬಲಕ್ಕೆ ಎಂದಿತು, ಮೂರನೆಯದು ಎಳ್ಳಿನ ಚಿಕ್ಕಿ ಎಸೆಯಿತು. ಕಾಲೇಜು ಸಿಕ್ಕುವ ಹೊತ್ತಿಗೆ ನನ್ನ ಕತ್ತು ಉಳುಕಿತ್ತು.

ಕಾಲೇಜಿಗೂ ರಜ. ಲ್ಯಾಬಿನ ಅಟೆಂಡರ್ ಮಗನ್‌ಭಾಯಿ ಎಂಬವರು ಅಲ್ಲೇ ಮಾಳಿಗೆಯ ಮೇಲಿದ್ದರು. ಮೂರು ಪಟ ಕಳೆದುಕೊಂಡ ಮೇಲೆ ಕೆಳಗಿಳಿದು ಬಂದು, ಲ್ಯಾಬಿನ ಬಾಗಿಲು ತೆಗೆದು ಕೂರಿಸಿ, ಚಹಾ ತರಿಸಿ, ಬಸಿಗೆ ಬಗ್ಗಿಸಿ ಕೊಟ್ಟರು. ನಾನು ಕಪ್ಪಿನಲ್ಲೇ ಕುಡಿಯಲು ನೋಡಿ ನಾಲಿಗೆ ಸುಟ್ಟುಕೊಂಡೆ. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಮಾತಾಡುತ್ತಲೇ ಚೀಲದಿಂದ ಹಿಟ್ಟು ತೆಗೆದು ಗೋಡೆಯ ಬುಡದ ಇರುವೆ ಗೂಡಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಿದ್ದರು.

"ದಿನಾ ಹಾಕ್ತೀರಾ?" ಎಂದು ಕೇಳಿದೆ.

"ಕಪ್ಪೆ ಹಿಡಿದುಕೊಡುವವನು ನಾನೇ ಅಲ್ಲವೇ? ಮಧ್ಯಾಹ್ನ ಹುಡುಗರಿಗೆ ಎಷ್ಟು ಕಪ್ಪೆ ಕೊಡಬೇಕೋ ಬೆಳಿಗ್ಗೆ ಅಷ್ಟು ಮುಷ್ಟಿ ಹಿಟ್ಟು."

ನಾನು ನಗಲಿಲ್ಲ. ನಮ್ಮ ಲ್ಯಾಬಿನಲ್ಲಿ ಆ ಮಾತ್ರದ ಯೋಚನೆಯನ್ನೂ ಯಾರೂ ಮಾಡಿರಲಿಲ್ಲ. ಮೂರ್ತಿ ಮೇಷ್ಟ್ರ ಬಗ್ಗೆ ಕೇಳಿದೆ. ಮಗನ್‌ಭಾಯಿ ಹಿಟ್ಟಿನ ಕೈ ಒರೆಸಿಕೊಂಡು ಕಪ್ಪು ಹಲಗೆಯ ಕಡೆ ತೋರಿಸಿದರು.

"ನಿಮ್ಮ ಸಾಹೇಬರು ಬಹಳ ಒಳ್ಳೆಯವರು. ಎರಡು ತಿಂಗಳು ಕಪ್ಪೆಯನ್ನು ಹಲಗೆಯ ಮೇಲೆ ಬರೆದೇ ಪಾಠ ಮಾಡಿದರು. ನಾನು ಬಕೆಟ್ಟಿನಲ್ಲಿ ಹಿಡಿದು ತಂದರೆ ವಾಪಸು ಬಿಟ್ಟು ಬಾ ಅನ್ನುವರು. ಎಷ್ಟು ದಿನ ನಡೆದೀತು? ಬರೋಡಾಕ್ಕೆ ಹೋದರು, ಯಾವುದೋ ಔಷಧದ ಕಾರ್ಖಾನೆಗೆ."

ಒಂದು ಬೆಳಿಗ್ಗೆಯಲ್ಲಿ ಹನ್ನೆರಡು ಸಲ ಹೃದಯ ನಿಲ್ಲಿಸಿದ ಮನುಷ್ಯ ಕಪ್ಪೆಯನ್ನು ಬಕೆಟ್ಟಿನಿಂದ ವಾಪಸು ಕಳಿಸಿದರೇ? ಅಟೆಂಡರ್ ಬೇರೆ ಯಾರ ಕಥೆಯನ್ನೋ ಹೇಳುತ್ತಿದ್ದಾರೆ ಎಂದುಕೊಂಡೆ.

ಬರೋಡಾ

ಬರೋಡಾದಲ್ಲಿ ಕಾರ್ಖಾನೆ ಹುಡುಕುವ ಮೊದಲು ಹೊಟ್ಟೆ ಹುಡುಕಿದ್ದು ಉಡುಪಿ ಹೋಟೆಲನ್ನು. ಸ್ಟೇಷನ್ನಿನ ಹತ್ತಿರವೇ ಸಿಕ್ಕಿತು. ಗಲ್ಲೆಯ ಮೇಲೆ ಕೂತಿದ್ದ ಐತಾಳರು ನನ್ನ ಮುಖ ನೋಡಿದ ಕೂಡಲೇ ಕನ್ನಡಕ್ಕೆ ಇಳಿದರು.

"ಎಂತ ಮಾರಾಯ್ರೆ, ಯಾವ ಊರು? ಮೈಸೂರಾ? ಹಾಗಾದ್ರೆ ಆ ಪಾತ್ರೆಯ ಸಾರು ಬೇಡ, ತಡೀರಿ" ಎಂದು ಒಳಗೆ ಕೂಗಿದರು. ಅಲ್ಲಿ ಎರಡು ಸಾರು ಕುದಿಯುತ್ತವೆ. ಒಂದು ಊರಿನವರಿಗೆ, ಸಿಹಿಯದು. ಇನ್ನೊಂದು 'ನಮ್ಮವರಿಗೆ'. ನಮ್ಮವರು ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು; ಒಬ್ಬರು ರೈಲ್ವೆ, ಒಬ್ಬರು ಬ್ಯಾಂಕು. ಆದರೂ ಆ ಸಾರು ಕುದಿಯುವುದು ತಪ್ಪುವುದಿಲ್ಲ. ನಾಲ್ಕು ದಿನದ ಮೇಲೆ ಖಾರದ ಸಾರು ಕಂಡ ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂದದ್ದು ಎಂದು ಐತಾಳರಿಗೆ ಹೇಳಿದೆ.

ಅವರ ಮಗಳು ಪುಸ್ತಕ ಹಿಡಿದು ಬಂದು ಗುಜರಾತಿಯಲ್ಲಿ ಏನೋ ಕೇಳಿದಳು. ಕನ್ನಡ ಬರುವುದಿಲ್ಲವೇ ಎಂದೆ.

"ಬರ್ತದೆ, ಬರ್ತದೆ. ಬೈದ್ರೆ ಪೂರಾ ಅರ್ಥ ಆಗ್ತದೆ" ಎಂದರು ಐತಾಳರು.

ಮೂರ್ತಿ ಮೇಷ್ಟ್ರ ಹೆಸರೆತ್ತಿದೆ. ಐತಾಳರು ಗಲ್ಲೆಯಿಂದ ಇಳಿದು ಬಂದು ನನ್ನೆದುರು ಕೂತರು.

"ಮೂರ್ತಿ ಮೇಷ್ಟ್ರಾ! ಇಲ್ಲಿ ಒಂದು ತಿಂಗಳು ಊಟ ಮಾಡಿದ ಜನ ಅಲ್ವಾ. ಈಗ ಸೂರತ್ತಿನಲ್ಲಿ ಇದ್ದಾರೆ, ಉಧ್ನಾದಲ್ಲಿ ಒಂದು ಟಾನಿಕ್ಕಿನ ಫ್ಯಾಕ್ಟರಿ. ಗೋಪಿಪುರದಲ್ಲಿ ಜೈನರ ಮನೆಯ ಮೇಲ್ಮಾಳಿಗೆ ಸಿಕ್ಕಿದೆ. ಮುಂದಿನ ತಿಂಗಳು ಹೆಂಡತಿ ಮಕ್ಕಳು ಬರ್ತಾರಂತೆ." ವಿಳಾಸ ಬರೆದುಕೊಟ್ಟು, ನನ್ನ ಕಂಕುಳಲ್ಲಿದ್ದ ರೆಕಾರ್ಡನ್ನು ನೋಡಿದರು. "ಅದೆಂತದು?"

ತೋರಿಸಿದೆ. ಅವರು ಮುಖ ಹಿಂದಕ್ಕೆ ತೆಗೆದುಕೊಂಡರು.

"ನೋಡಿ, ಒಂದು ಮಾತು ಹೇಳ್ತೇನೆ. ಅದು ಕಂದಮೂಲ ತಿನ್ನದ ಮನೆ, ಕುಡಿಯುವ ನೀರನ್ನೂ ಕಾಯಿಸಿ ಸೋಸುವ ಮನೆ. ಮೇಷ್ಟ್ರು ಅಲ್ಲಿ ಕೆಮಿಸ್ಟ್ರಿ ಕಲಿಸಿದವನು ಅಂತ ಮಾತ್ರ ಹೇಳಿದ್ದಾರೆ. ನೀವು ಈ ಕಪ್ಪೆ ಪುರಾಣ ಬಿಚ್ಚಿದ್ರೆ ಅವರ ಹೆಂಡತಿ ಮಕ್ಕಳು ಸ್ಟೇಷನ್ನಿನಲ್ಲೇ ಮಲಗಬೇಕಾದೀತು."

ಹಾಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ರೆಕಾರ್ಡಿಗೆ ಐತಾಳರೇ ಹಳೇ ಪತ್ರಿಕೆಯ ಹೊದಿಕೆ ಹಾಕಿ ದಾರ ಕಟ್ಟಿಕೊಟ್ಟರು.

ಸೂರತ್

ಗೋಪಿಪುರದ ಮನೆ ಮುಟ್ಟುವಾಗ ಸಂಜೆಯಾಗುತ್ತಿತ್ತು. ಮರದ ಕೆತ್ತನೆಯ ಎತ್ತರದ ಮನೆ. ಬಾಗಿಲು ತೆಗೆದದ್ದು ಬಿಳಿ ಸೀರೆಯ ಮುದುಕಿ. ಮನೆಯವರೆಲ್ಲ ಅವರನ್ನು 'ಬಾ' ಎನ್ನುತ್ತಿದ್ದರು. ತಾಯಿ ಎಂದು ಅರ್ಥ. ಮೂರ್ತಿ ಮೇಷ್ಟ್ರ ವಿದ್ಯಾರ್ಥಿ ಎಂದದ್ದೇ ತಡ, ಅವರು ನನ್ನ ಮುಖವನ್ನೂ ನೋಡದೆ ಕಿಟಕಿಯಾಚೆ ಸೂರ್ಯನನ್ನು ನೋಡಿದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಊಟವಿಲ್ಲ.

ನನ್ನನ್ನು ಹಿಡಿದು ಕೂರಿಸಿ ತಟ್ಟೆ ಇಟ್ಟರು. ಬಾ ಕಿಟಕಿಯಲ್ಲಿ ನಿಂತು ಸೂರ್ಯ ಎಲ್ಲಿಗೆ ಬಂದ ಎಂದು ಹೇಳುತ್ತಿದ್ದರು, ಅವರ ಸೊಸೆ ರೋಟ್ಲಿ ಹಾಕುತ್ತಿದ್ದರು. ಸೂರ್ಯ ಎದುರು ಮನೆಯ ಮಾಳಿಗೆಗೆ ಬಂದ: ಎರಡು ರೋಟ್ಲಿ. ಮಾಳಿಗೆಯ ಕೆಳಗಿಳಿದ: ಕಿಚಡಿ. ಅರ್ಧ ಮುಳುಗಿದ: ಕಢಿ. ನಮ್ಮ ಕಡೆ ಅತಿಥಿಗೆ ಬಲವಂತ ಮಾಡುವುದುಂಟು. ಸೂರ್ಯನನ್ನು ಸಾಕ್ಷಿಗೆ ಕರೆದು ಬಲವಂತ ಮಾಡಿದ್ದನ್ನು ಅಲ್ಲಿ ಮಾತ್ರ ಕಂಡೆ. ಕೈ ತೊಳೆಯುವಾಗ ದೀಪ ಹಚ್ಚಿದರು.

ಅಷ್ಟರಲ್ಲಿ ಮೇಷ್ಟ್ರು ಕಾರ್ಖಾನೆಯಿಂದ ಬಂದರು. ನನ್ನನ್ನು ಕಂಡು ಹೊಸಿಲ ಮೇಲೇ ನಿಂತುಬಿಟ್ಟರು.

"ಏನಯ್ಯಾ, ನೀನಿಲ್ಲಿ?"

"ರುಜು ಸರ್" ಎಂದೆ.

ಮೇಷ್ಟ್ರ ಕಣ್ಣು ನನ್ನ ಕಂಕುಳಿಗೆ ಹೋಗಿ ಅಲ್ಲಿಂದ ಬಾ ಅವರ ಕಡೆಗೆ ಹೋಯಿತು. "ಮೇಲೆ ಬಾ, ಮೇಲೆ ಬಾ" ಎಂದರು. ಆದರೆ ಮನೆಯ ಯಜಮಾನರಾದ ಕಾಂತಿಭಾಯಿ, ಬಾ ಅವರ ಮಗ, ಬಿಡಲಿಲ್ಲ. ಜರಿ ವ್ಯಾಪಾರಿ, ಅವರ ಜರಿ ಬೆಂಗಳೂರಿನ ಸೀರೆಗೆ ಹೋಗುತ್ತಿತ್ತು. ಅಲ್ಲಿ ಕಲಿತ ಕನ್ನಡವನ್ನೆಲ್ಲ ನನಗೆ ಒಪ್ಪಿಸಿದರು: "ಎಷ್ಟು? ಜಾಸ್ತಿ ಆಯ್ತು. ಸ್ವಲ್ಪ ಬಿಡಿ." ನಡುಮನೆಯ ದೊಡ್ಡ ಉಯ್ಯಾಲೆಯ ಮೇಲೆ ನನ್ನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ನೆಲಕ್ಕೆ ಕಾಲು ಕೊಟ್ಟು ಒಂದು ಸಲ ಮೀಟಿದರು.

ತೊಟ್ಟಿಲಿಂದ ಇಳಿದ ಮೇಲೆ ನಾನು ಉಯ್ಯಾಲೆ ಕಂಡವನಲ್ಲ. ಅದು ಮುಂದಕ್ಕೆ ಹೋದಾಗ ನಾನು ಹಿಂದಕ್ಕೆ ಹೋದೆ, ಸರಪಳಿ ಹಿಡಿಯಲು ಎರಡು ಕೈಯನ್ನೂ ಎತ್ತಿದೆ. ರೆಕಾರ್ಡು ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಐತಾಳರ ದಾರ ಉಡುಪಿ ಹೋಟೆಲಿನ ಪೊಟ್ಟಣ ಕಟ್ಟುವ ದಾರ, ಹರಿಯುವುದಕ್ಕೇ ಹುಟ್ಟಿದ್ದು. ಪುಸ್ತಕ ಬಾ ಅವರ ಪಾದದ ಬಳಿ ಬಾಯಿ ತೆರೆದು ಬಿದ್ದುಕೊಂಡಿತು. ನಾಲ್ಕು ತಿಂಗಳು ಒಂದೇ ಪುಟವನ್ನು ತೆರೆದು ತೆರೆದು ನೋಡಿದ್ದರಿಂದ ಅದು ತೆರೆಯುತ್ತಿದ್ದದ್ದೇ ಹನ್ನೊಂದನೇ ಪುಟಕ್ಕೆ.

"ಆ ಶುಂ ಛೆ?" ಇದೇನು ಎಂದರು ಬಾ.

ಕಾಂತಿಭಾಯಿ ಎತ್ತಿಕೊಂಡು ಕೆಂಪು ಅಡಿಗೆರೆಯ ಮೇಲಿನ ಇಂಗ್ಲಿಷನ್ನು ಓದಿದರು. 'ಪೊಟ್ಯಾಸಿಯಂ ಕ್ಲೋರೈಡ್' ಅವರಿಗೆ ತಿಳಿಯಲಿಲ್ಲ. 'ಕಪ್ಪೆಯ ಹೃದಯ' ತಿಳಿಯಿತು. ಉಯ್ಯಾಲೆ ನಿಂತಿತು.

"ದೇಡಕೋ?" ಬಾ ಕೈ ಹಿಂದಕ್ಕೆ ತೆಗೆದುಕೊಂಡರು. "ಕಪ್ಪೆಯ ಹೃದಯವೇ? ಏನು ಮಾಡಿದಿರಿ ಅದಕ್ಕೆ?"

ಅವರು ಕೇಳಿದ್ದು ಮೇಷ್ಟ್ರನ್ನು. ಕೋಪದಿಂದ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾ ಭಯದಿಂದ ಕೇಳಿದರು. ನನಗೆ ನಾಚಿಕೆಯಿಂದ ನೆಲದೊಳಗೆ ಇಳಿಯುವಂತಾಯಿತು. ರುಜು ಹಾಳಾಯಿತು, ಮೇಷ್ಟ್ರ ಮನೆ ಹಾಳಾಯಿತು. ಹೊಟ್ಟೆ ತುಂಬ ಉಣ್ಣಿಸಿದ ಮುದುಕಿಯ ಮುಖ ಹೀಗಾಯಿತಲ್ಲ ಎಂಬುದು ಅದೆರಡಕ್ಕಿಂತ ಹೆಚ್ಚಾಗಿ ಚುಚ್ಚಿತು.

ಮೇಷ್ಟ್ರು ಪುಸ್ತಕವನ್ನು ತೆಗೆದುಕೊಂಡು ದೀಪದ ಹತ್ತಿರ ಹಿಡಿದು ಪುಟವನ್ನು ನೋಡಿದರು. ನೋಡುತ್ತ ಅವರ ಮುಖ ಬದಲಾಯಿತು. ಬಾ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಪಟ್ಟಿಯ ಎಡತುದಿಗೆ ಬೆರಳಿಟ್ಟರು.

"ನೋಡಿ ಬಾ. ಇಲ್ಲಿ ಗೆರೆ ಮಟ್ಟಸವಾಗಿದೆ. ಹೃದಯ ನಿಂತಿದೆ." ಬೆರಳು ಬಲಕ್ಕೆ ಸರಿಯಿತು. "ಇಲ್ಲಿ ಒಂದು ಸಣ್ಣ ಬಡಿತ. ಇಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು. ಇನ್ನೂ ದೊಡ್ಡದು. ಇಗೋ, ಇಲ್ಲಿಗೆ ಬರುವ ಹೊತ್ತಿಗೆ ಪೂರ್ತಿ ಬಡಿತ. ಮುಂದೆ ಎಲ್ಲಾ ಸರಿಯಾಗಿದೆ."

ಬಾ ತಮ್ಮ ಮುಖವನ್ನು ಪುಟದ ಹತ್ತಿರ ತಂದು ಬಿಳಿ ಗೆರೆಗಳನ್ನು ಒಂದೊಂದಾಗಿ ನೋಡಿದರು.

"ಬಚಿ ಗಯೋ?" ಬದುಕಿಕೊಂಡಿತೇ?

"ಹಾ ಬಾ. ಬಚಿ ಗಯೋ."

ಆಗ ನನಗೆ ಗೊತ್ತಾಯಿತು ಹನ್ನೊಂದನೇ ಪುಟದ ತಪ್ಪು. ಪಟ್ಟಿಯನ್ನು ನಾನು ಹಿಂದುಮುಂದಾಗಿ ಅಂಟಿಸಿದ್ದೆ. ಬಡಿಯುತ್ತಿದ್ದ ಹೃದಯ ನಿಲ್ಲಬೇಕಾದಲ್ಲಿ, ನಿಂತ ಹೃದಯ ಬಡಿಯತೊಡಗಿತ್ತು. ನಾಲ್ಕು ತಿಂಗಳು ಅದನ್ನೇ ನೋಡಿದ ನಾನು ಅಕ್ಷರ ತಿದ್ದಿದ್ದೆ. ಗುಜರಾತಿನ ಉದ್ದಗಲಕ್ಕೂ ಅದನ್ನು ಹೊತ್ತುಕೊಂಡು ತಿರುಗಿದ್ದೆ.

ಬಾ ಎದ್ದು ದೇವರ ಕೋಣೆಗೆ ಹೋದರು. ಬರುವಾಗ ಸಣ್ಣ ಬಟ್ಟಲಿನಲ್ಲಿ ತೇಯ್ದ ಕೇಸರಿ ಚಂದನವಿತ್ತು. 'ಇಲ್ಲಿಗೆ ಪೂರ್ತಿ ಬಡಿತ' ಎಂದು ಮೇಷ್ಟ್ರು ತೋರಿಸಿದ ಜಾಗದಲ್ಲೇ, ಮಸಿ ಕಾಗದದ ಮೇಲೆ, ಉಂಗುರಬೆರಳಿನಿಂದ ಒಂದು ಬೊಟ್ಟು ಇಟ್ಟು ಕೈ ಮುಗಿದರು. ಉಳಿದ ಚಂದನವನ್ನು ನನ್ನ ಹಣೆಗೆ ಹಚ್ಚಿದರು.

"ಜೀವ ಉಳಿಸುವ ವಿದ್ಯೆ ಕಲಿಯುತ್ತಿದ್ದಾನೆ ಹುಡುಗ. ಅಷ್ಟು ದೂರದಿಂದ ಬಂದಿದ್ದಾನೆ. ಏನು ಬೇಕಂತೆ ಅವನಿಗೆ?"

"ನನ್ನ ರುಜು, ಬಾ."

"ಮತ್ತೇನು, ಹಾಕಿಕೊಡಿ!"

ಕಾಂತಿಭಾಯಿ ತಮ್ಮ ಪೆನ್ನನ್ನೇ ಕೊಟ್ಟರು. ಮೇಷ್ಟ್ರು ರುಜು ಹಾಕುತ್ತ, ಆಶೀರ್ವಾದ ಮಾಡುವವರ ನಗುಮುಖ ಮಾಡಿಕೊಂಡು ಕನ್ನಡದಲ್ಲಿ ಹೇಳಿದರು: "ಕತ್ತೆ. ಊರಿಗೆ ಹೋದ ತಕ್ಷಣ ಪಟ್ಟಿ ಕಿತ್ತು ಸರಿಯಾಗಿ ಅಂಟಿಸು. ಈಗ ನನ್ನ ಕಾಲಿಗೆ ಬೀಳು, ಅವರು ನೋಡ್ತಿದಾರೆ."

ಬಿದ್ದೆ.

ಸ್ಟೇಷನ್ನು

ಮಾರನೆಯ ಬೆಳಿಗ್ಗೆ ಮೇಷ್ಟ್ರು ನನ್ನನ್ನು ಗಾಡಿ ಹತ್ತಿಸಲು ಬಂದರು. ಬಾ ಕಟ್ಟಿಕೊಟ್ಟ ಥೇಪ್ಲಾ ಎಂಬ ಮೆಂತ್ಯಸೊಪ್ಪಿನ ರೊಟ್ಟಿಯ ಪೊಟ್ಟಣ ಅವರ ಕೈಯಲ್ಲೇ ಇತ್ತು. ಪ್ಲಾಟ್‌ಫಾರಂ ಮೇಲೆ ಗಾಡಿಗೆ ಕಾಯುತ್ತ ನಿಂತೆವು.

"ಮನೆ ಉಳೀತು ಸರ್" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಉಳೀತು. ಸುಳ್ಳಿನ ಮೇಲೆ." ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೇಳಿದರು: "ಪೂರಾ ಸುಳ್ಳೂ ಅಲ್ಲ ಕಣಯ್ಯ. ಅವತ್ತು ಆ ಹೃದಯ ಹನ್ನೊಂದು ಸಲ ವಾಪಸ್ ಬಂತು. ನಿಲ್ಲಿಸಿದೆ, ತೊಳೆದೆ, ಬಂತು. ನಿಲ್ಲಿಸಿದೆ, ತೊಳೆದೆ, ಬಂತು. ಹನ್ನೆರಡನೇ ಸಲ ಬರಲಿಲ್ಲ. ಎಷ್ಟು ತೊಳೆದ್ರೂ ಬರಲಿಲ್ಲ. ಅದು ನಿನ್ನ ಪಟ್ಟಿ."

ನನಗೆ ನೆನಪಾಯಿತು. ಆ ಮಧ್ಯಾಹ್ನ ನಾವೆಲ್ಲ ಕ್ಯಾಂಟೀನಿಗೆ ಹೋದ ಮೇಲೂ ಮೇಷ್ಟ್ರು ಲ್ಯಾಬಿನಲ್ಲೇ ಉಳಿದಿದ್ದರು.

"ಹನ್ನೊಂದಕ್ಕೆ ಬಿಟ್ಟುಬಿಡಬಹುದಿತ್ತು. ನಿನಗೊಂದು ಪಟ್ಟಿ ಬೇಕಲ್ಲ ಅಂದ್ಕೊಂಡೆ. ಆಮೇಲೆ ಕಪ್ಪೆ ಮುಟ್ಟಕ್ಕೆ ನನ್ನ ಕೈಲಿ ಆಗಲಿಲ್ಲ. ಈಗ ಟಾನಿಕ್ ಮಾಡ್ತೀನಿ, ಮುಕ್ಕಾಲು ಪಾಲು ಸಕ್ಕರೆ ಪಾಕ. ಯಾವ ಹೃದಯಾನೂ ನಿಲ್ಲಲ್ಲ, ಯಾವುದೂ ಶುರುವಾಗಲ್ಲ."

ಗಾಡಿ ಬಂತು. ಪೊಟ್ಟಣವನ್ನು ಕಿಟಕಿಯಿಂದ ಒಳಗೆ ಕೊಟ್ಟು, "ಪಟ್ಟಿ ತಿರುಗಿಸೋದು ಮರೀಬೇಡ. ಪರೀಕ್ಷೆ ಮಾಡೋವ್ರು ಬಾ ಅಲ್ಲ" ಎಂದರು.

ಊರು

ಪರೀಕ್ಷೆಯ ಹಿಂದಿನ ದಿನ ಹಾಸ್ಟೆಲಿನಲ್ಲಿ ಕೂತು, ಬಿಸಿನೀರಿನ ಬಟ್ಟೆ ಒತ್ತಿ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದೆ. ಪಟ್ಟಿ ಕಿತ್ತುಬರುವವರೆಗೂ, ಹಾಗೇ ಬಿಟ್ಟುಬಿಡೋಣವೇ ಎಂದು ಹತ್ತು ಸಲ ಅನ್ನಿಸಿತು. ಬಿಟ್ಟರೆ ಓದು ಹೋಗುತ್ತದೆ. ನಾನೇನು ಅಷ್ಟು ಒಳ್ಳೆಯವನಲ್ಲ. ಪಟ್ಟಿಯನ್ನು ತಿರುಗಿಸಿ ಅಂಟಿಸಿದೆ. ಬಡಿತ, ಬಡಿತ, ಬಡಿತ, ಸಣ್ಣ ಬಡಿತ, ಆಮೇಲೆ ಮಟ್ಟಸ ಗೆರೆ. ಸೂರತ್ತಿನಲ್ಲಿ ಬದುಕಿದ ಕಪ್ಪೆಯನ್ನು ನಾನು ಮತ್ತೊಮ್ಮೆ ಕೊಂದೆ. ಈ ಸಲ ಒಬ್ಬನೇ. ಬಾ ಇಟ್ಟ ಬೊಟ್ಟನ್ನು ಒರೆಸಲು ಮನಸ್ಸಾಗಲಿಲ್ಲ.

ಪರೀಕ್ಷಕರು ಮದ್ರಾಸಿನಿಂದ ಬಂದಿದ್ದರು. ಹನ್ನೊಂದು ಜನರನ್ನು ಬೈದು ಮುಗಿಸಿ ನನ್ನ ರೆಕಾರ್ಡು ತೆರೆದರು. ಅದು ತೆರೆದದ್ದು ಹನ್ನೊಂದನೇ ಪುಟಕ್ಕೇ. ಕನ್ನಡಕ ಏರಿಸಿ, ಹಳದಿ ಬೊಟ್ಟಿನ ಮೇಲೆ ಬೆರಳಿಟ್ಟರು. ನನ್ನ ಹೃದಯವೂ ಮಟ್ಟಸ ಗೆರೆಯಾಯಿತು.

"ಔಷಧ ಬಿಟ್ಟ ಜಾಗ ಇದೇ ತಾನೆ?" ಎಂದರು.

ನೋಡಿದೆ. ಬದುಕು ಪೂರ್ತಿ ಮರಳಿತು ಎಂದು ಬಾ ಬೊಟ್ಟಿಟ್ಟ ಜಾಗ, ಪಟ್ಟಿ ತಿರುಗಿದ ಮೇಲೆ, ಬಡಿತ ಇಳಿಯಲು ಶುರುವಾಗುವ ಜಾಗವಾಗಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಹೌದು ಸರ್."

"ಗುಡ್. ಇಡೀ ಬ್ಯಾಚಿನಲ್ಲಿ ಗುರುತು ಹಾಕಿರೋನು ನೀನೊಬ್ಬನೇ. ಯಾವುದರಲ್ಲಿ ಹಾಕಿದೆ?"

"ಕೇಸರಿ ಸರ್."

"ಕೇಸರಿ ಯಾಕೆ?"

"ಅಳಿಸಿಹೋಗಬಾರದು ಅಂತ ಸರ್."

ಪಾಸಾದೆ. ಮಾರ್ಚಿನಲ್ಲಿ ಮೇಷ್ಟ್ರ ಕಾರ್ಡು ಬಂತು. ಹೆಂಡತಿ ಮಕ್ಕಳು ಸುಖವಾಗಿ ಬಂದು ಸೇರಿದ್ದಾರೆ, ಮಕ್ಕಳು ಆಗಲೇ ಉಯ್ಯಾಲೆ ಬಿಟ್ಟು ಇಳಿಯುವುದಿಲ್ಲ ಎಂದು ಬರೆದಿದ್ದರು. ಕೊನೆಗೆ ಒಂದು ಸಾಲು: 'ಕಪ್ಪೆ ಹೇಗಿದೆ ಎಂದು ಬಾ ಎರಡು ಸಲ ಕೇಳಿದರು.'

ನಾನು ಆಗ ಮೈಸೂರಿನಲ್ಲಿದ್ದೆ. ಒಂದು ಕಾರ್ಡು ತೆಗೆದುಕೊಂಡೆ. 'ಕಪ್ಪೆ ಕ್ಷೇಮ. ಬಾ ಅವರಿಗೆ ನಮಸ್ಕಾರ' ಎಂದು ಬರೆದು, ಅಂಚೆ ಕಚೇರಿಗೆ ಹೋಗಿ ಅಪ್ಪನ ಕೈಗೇ ಕೊಟ್ಟೆ. ಅದು ಅವರ ನೌಕರಿಯ ಕೊನೆಯ ವಾರ. ಕಾರ್ಡನ್ನು ಓದಿದರು, ಕಣ್ಣೆತ್ತಿ ನನ್ನ ಮುಖ ನೋಡಿದರು. ಅಕ್ಷರದ ಮೇಲೆ ಬೀಳದಂತೆ, ಮೂಲೆ ನೋಡಿ, ಮೆಲ್ಲಗೆ ಮೊಹರು ಒತ್ತಿದರು.